ಅಂಬಲಿ ಮ್ಯಾಲ ಹಾಕಿದ ತಪ್ಪು

ನಮ್ಮವ್ವ ಅಂಬಲಿ ಮಾಡೋದು ಬಿಟ್ಟು ಭಾಳ ವರ್ಷ ಆಗಿತ್ತು. ಎಳ್ಳಮಾಸಿ ಬಂತಂದ್ರ ನಮ್ಮ ಕಡಿ ಮಂದಿ ಬುಟ್ಟಿ ಹೊತ್ಕೊಂಡು ಹೊಲಕ್ಕ ಹೋಗ್ತಾರ. ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗಿ, ಮತ್ತ ಅಂಬಲಿ. ಜೋಳದ ಹಿಟ್ಟು ಮಜ್ಜಿಗ್ಯಾಗ ಕಲಸಿ ಹುಳಿ ಬರಾಕ ಇಟ್ಟು, ಕುದಿಸಿ, ಬಳ್ಳೊಳ್ಳಿ ಜಜ್ಜಿ ಹಾಕಿದ ಅಂಬಲಿ ಇಲ್ಲಂದ್ರ ಅದು ಅಮಾಸಿನೇ ಅಲ್ಲ. ನಮ್ಮವ್ವ ಮಾತ್ರ ಉಳದದ್ದೆಲ್ಲಾ ಮಾಡ್ತಿದ್ದಳು, ಅಂಬಲಿ ಅಂದ ಕೂಡ್ಲೇ ಮಾರಿ ಆ ಕಡಿ ತಿರುವ್ತಿದ್ದಳು. "ನನ್ನ ಮಗನ ನೌಕರಿ ತಿಂದದ್ದು ಅದು. ಮತ್ತ ನಾ ಮುಟ್ಟಂಗಿಲ್ಲ" ಅಂತಿದ್ದಳು. ನಾ ಬಸವಕಲ್ಯಾಣದ ಬಜಾರದಾಗ ಜಂಪರ್ ಹೊಲಿಯಾಕಿ. ನಿನ್ನ ನಾಲಿಗಿ ಕತ್ತರಿಗಿಂತ ಹರಿತ ಅಂತ ನನ್ನ ಗಂಡನೇ ಅಂತಾನ. ಆದ್ರೂ ಅವ್ವನ ಈ ಮಾತು ಕತ್ತರಿಸಾಕ ನನ್ನ ಕೈಲೆ ಆಗಿರಲಿಲ್ಲ.

ಆ ಮಗ ಅಂದ್ರ ನನ್ನ ತಮ್ಮ. ಪ್ಯಾಸೆಂಜರ್ ವಿಮಾನದ ಪೈಲಟ್ ಇದ್ದ.

ಘಾಟಬೋರಾಳದ ಕಡಿ ನಮ್ಮ ಹೊಲ. ಅಪ್ಪ ಕುರಿ ಸಾಕಿದಾಂವ. ಸಾಲಿ ಸೂಟಿ ಇದ್ದಾಗ ನಾನೂ ತಮ್ಮನೂ ಕುರಿ ಹಿಂದ ಹೋಗ್ತಿದ್ವಿ. ಒಂದ ಮರಿ ಕಣ್ಣಿಗೆ ಬೀಳಲಿಲ್ಲಂದ್ರ ಅಂವ ಗಂಗಾಳದ ಮುಂದಿಂದ ಎದ್ದು ಹೋಗಿ ಹುಡುಕಿ ತಂದೇ ಉಣ್ತಿದ್ದ. ಒಮ್ಮಿ ನಮ್ಮ ಕುರಿ ಬಾಜೂ ಹೊಲದ ತೊಗರಿ ಮೇದುಬಿಟ್ವು. ಓಡೋಣ ಬಾರೋ ಅಂತ ನಾ ಅಂಗಿ ಹಿಡದು ಎಳದೆ. ಅಂವ ಸೀದಾ ಆ ಹೊಲದ ಕಾಕಾನ ಮುಂದ ಹೋಗಿ, "ನಂದೇ ಗಲತಿ ಕಾಕಾ, ನಾ ನೋಡ್ಲಿಲ್ಲ" ಅಂದ. ಕಾಕಾ ಕಪಾಳಕ್ಕ ಒಂದ ಬಿಗಿದ. ಅಳಲಿಲ್ಲ. ಆ ಹುಡುಗ ನನಗ ಎಷ್ಟ ನೆನಪಾಗ್ತಾನ ಅಂದ್ರ, ಗಿರಾಕಿ ಇಲ್ದ ಮಧ್ಯಾಹ್ನ ಮಷೀನ್ ನಿಲ್ಲಿಸಿ ಸುಮ್ನ ಕೂತುಬಿಡ್ತೀನಿ.

ಪೈಲಟ್ ಆದ ಹೊಸದಾಗ ಮನಿಗೆ ಬಂದ್ರ ಮಸ್ತ್ ಮಜಾ ಇರ್ತಿತ್ತು. ಎಲ್ಲಾರೂ ಊಟಕ್ಕ ಕೂತಾಗ ದನಿ ದಪ್ಪ ಮಾಡಿ, "ಪ್ರಯಾಣಿಕರೇ, ಈಗ ಹುಮನಾಬಾದ್ ಮ್ಯಾಲ ಹಾರಾಕತ್ತೇವಿ, ಬೆಲ್ಟ್ ಕಟ್ಕೋರಿ" ಅಂತಿದ್ದ. ಅವ್ವ ಸೆರಗು ಸೊಂಟಕ್ಕ ಸಿಗಿಸ್ಕೊಂಡು, "ಕಟ್ಟೀನ್ರಿ ಸಾಹೇಬ್ರ, ಗಾಡಿ ಬಿಡ್ರಿ" ಅಂತಿದ್ದಳು. ಮ್ಯಾಲ ಹೋದ ಮ್ಯಾಲ ಏನಾದ್ರೂ ಜಿಮ್ಮಾ ಕ್ಯಾಪ್ಟನ್‌ದೇ ಅಂತ ಅಂವ ಎದಿ ಉಬ್ಬಿಸಿ ಹೇಳ್ತಿದ್ದ. ಜಿಮ್ಮಾ ಅಂದ್ರ ನಮ್ಮ ಕಡಿ ಹೊಣಿ. ಅವ್ವಗ ಆ ಮಾತು ಭಾಳ ಸೇರಿತ್ತು. ನನ್ನ ಮಗನ ಮ್ಯಾಲ ಇನ್ನೂರು ಮಂದಿದು ಜಿಮ್ಮಾ ಅದ ಅಂತ ಹುಮನಾಬಾದ್ ಸಂತ್ಯಾಗ ಕಾಯಿಪಲ್ಯ ಮಾರಾಕಿಗೂ ಹೇಳ್ತಿದ್ದಳು.

ಬರ್ತಾ ಬರ್ತಾ ಅಂವ ನನ್ನ ಮನಿಗೆ ಬಂದ್ರ ದೂರ ಕೂಡಾಕ ಶುರು ಮಾಡಿದ. ಬಾಯಾಗ ಯಾವಾಗ್ಲೂ ಸೋಂಪು. ನಾನೇನ ಹಾಲುಗೂಸೇನು? ಒಂದಿನ ಕೇಳೇಬಿಟ್ಟೆ, "ಏ ತಮ್ಮಾ, ಕುಡಿಯಾಕತ್ತಿಯೇನ?"

"ಅಕ್ಕಾ, ನಮ್ಮ ಲೈನಿನಾಗ ಎಲ್ಲಾರೂ ತಗೋತಾರ. ದಿನಕ್ಕೊಂದು ಊರು, ದಿನಕ್ಕೊಂದು ಹೋಟೆಲ್ ಖೋಲಿ. ನಿದ್ದಿ ಬರಂಗಿಲ್ಲ. ನಾ ಗಡಿಯಾರ ನೋಡಿ ಕುಡಿತೀನಿ, ಡ್ಯೂಟಿ ಹೊತ್ತಿಗೆ ಎಲ್ಲಾ ಇಳದಿರ್ತದ."

"ಹೌದಪ್ಪ, ಗಡಿಯಾರ ಭಾಳ ನೋಡ್ತಿ. ಕುಡಿಯೋ ಟೈಮ್ ಯಾವಾಗ ಆಗ್ತದಂತ ನೋಡ್ತಿ. ನಿನ್ನ ಬೆನ್ನ ಹಿಂದ ಕೂತಾವ್ರು ಯಾರ ಮುಖ ನೋಡಿ ಹತ್ತ್ಯಾರ?"

ಸಿಟ್ಟಿಗೆದ್ದು ಹೋದ. ಮುಂದ ಎಷ್ಟೋ ದಿನ ಫೋನಿಲ್ಲ.

ಆ ವರ್ಷದ ಎಳ್ಳಮಾಸಿಗೆ ಎರಡು ದಿನದ ರಜಾ ಮ್ಯಾಲ ಬಂದ. ಊರಾಗ ಇರಲಿಲ್ಲ, ಹುಮನಾಬಾದಿನ ಲಾಡ್ಜಿನಾಗ ಇಳಕೊಂಡ. ಯಾಕೋ ಅಂದ್ರ ಎಸಿ ಬೇಕಂತ. ಥಂಡಿ ದಿನದಾಗ ಎಸಿ! ಮರುದಿನ ಹೊಲಕ್ಕ ಬಂದಾಗ ಕಣ್ಣ ಕೆಂಪಗಿದ್ವು. ಅವ್ವಗ ಅದ್ಯಾವ್ದೂ ಕಾಣಲಿಲ್ಲ, ಮಗ ಬಂದದ್ದಷ್ಟೇ ಕಂಡಿತ್ತು. ಚಳಿಗೆ ಹುಳಿ ಬರಲಿಲ್ಲಂತ ಅಂಬಲಿ ಹಿಟ್ಟು ಒಂದಿನ ಹೆಚ್ಚಿಗಿ ಇಟ್ಟಿದ್ದಳು. ತಂಬಗಿ ತುಂಬ ಅಂಬಲಿ ಸುರುವಿ ಅಂವನ ಕೈಯಾಗ ಕೊಟ್ಟಳು. ಬಿಸಲಾಗ ನಿಂತು ಕುಡಿತೀನಿ ಅಂತ ಬದುವಿನ ಕಡಿ ಹೋದ, ಖಾಲಿ ತಂಬಗಿ ತಂದು ಇಟ್ಟ. ಅವ್ವಗ ಹಿಗ್ಗೋ ಹಿಗ್ಗು. ಸಂಜಿಮುಂದ ಹೈದರಾಬಾದಿಗೆ ಹೋದ. ಬೆಳಿಗ್ಗಿ ಡ್ಯೂಟಿ ಇತ್ತು.

ಹಾರೋಕಿಂತ ಮೊದ್ಲ ಪೈಲಟ್ ಮಂದಿ, ಶೆರಿ ಕುಡದಾರೋ ಇಲ್ಲೋ ನೋಡೋ ಒಂದ ಮಷೀನಿನಾಗ ಉಸುರು ಊದಬೇಕು. ಊದಿದ. ಸಿಕ್ಕಬಿದ್ದ. ಬಾಯಿ ತೊಳಸಿ, ಜರಾ ಹೊತ್ತು ಕೂಡ್ಸಿ ಮತ್ತ ಊದಿಸಿದ್ರಂತ. ಆಗೂ ಬಂತು. ಮೂರು ತಿಂಗಳ ವಿಮಾನ ಮುಟ್ಟಬ್ಯಾಡ ಅಂದು ಮನಿಗೆ ಕಳಿಸಿದ್ರು. ಅಂವ ಅವ್ವಗ ಫೋನ್ ಮಾಡಿ ಏನಂದ ಗೊತ್ತೇನು? "ಅವ್ವಾ, ನಿನ್ನ ಅಂಬಲಿ ಭಾಳ ಹುಳಿ ಬಂದಿತ್ತು ಕಾಣ್ತದ, ಮಷೀನಿನಾಗ ಬಂತು."

ಅಷ್ಟೇ ಮಾತು. ಒಂದಿನ ಹೆಚ್ಚಿಗಿ ಇಟ್ಟಿದ್ದೆ ಅನ್ನೋದು ಅವ್ವನ ಎದ್ಯಾಗ ಇತ್ತಲ್ಲ, ಈ ಮಾತು ಹೋಗಿ ಬರೋಬರ್ ಅಲ್ಲೇ ಕೂತಿತು.

ನಾ ಬಡಕೊಂಡೆ. "ಅವ್ವಾ, ಅಂಬಲಿ ಕುಡದು ಯಾರಿಗಾರ ನಶಾ ಏರಿದ್ದು ನೋಡಿಯೇನು? ಹಂಗಾದ್ರ ಅಮಾಸಿ ದಿನ ಇಡೀ ತಾಲೂಕೇ ತೂರಾಡಬೇಕಿತ್ತು. ಅಂವ ಕುಡದಾನ, ಕುಡದಾನ, ಕುಡದಾನ!"

"ಮಷೀನಿಗೇನು ತಿಳಿತದ? ಅದಕ್ಕ ಹುಳೀನೂ ಅಷ್ಟೇ, ಶೆರೀನೂ ಅಷ್ಟೇ. ಮಾಡಿ ಕೊಟ್ಟಾಕಿ ನಾನು. ಜಿಮ್ಮಾ ನಂದು. ನೀ ನಿನ್ನ ತಮ್ಮಗ ಹೆಸರಿಡಬ್ಯಾಡ."

ಮನಿಗೆ ಬಂದ ಹೆಣ್ಮಕ್ಕಳಿಗೆಲ್ಲಾ ಇದೇ ಹೇಳಾಕತ್ತಳು. "ಮಕ್ಕಳು ದೊಡ್ಡ ನೌಕರ್‍ಯಾಗ ಇದ್ರ ಅಂಬಲಿ ಕುಡಸಬ್ಯಾಡ್ರೆವ್ವ." ಅವ್ರು ಸೆರಗಿನಾಗ ನಗ್ತಿದ್ರು. ನನ್ನ ಕರುಳು ಚುರ್ ಅಂತಿತ್ತು. ತಮ್ಮಗ ಫೋನಿನಾಗ ಬೈದೆ: "ಕ್ಯಾಪ್ಟನ್ ಅಂತ ಕ್ಯಾಪ್ಟನ್! ಮುಗಲಾಗ ಇನ್ನೂರು ಜೀವದ ಜಿಮ್ಮಾ ಹೊರಾಂವ ಅವ್ವನ ಗಡಿಗಿ ಹಿಂದ ಅಡಗಿ ಕೂತಿ. ನಾ ಹೇಳಿದ್ರ ನಂಬವಲ್ಲಳು. ನೀನೇ ಹೇಳಬೇಕು." ಅಂವ ಫೋನ್ ಇಟ್ಟ.

ಮೂರು ತಿಂಗಳಾದ ಮ್ಯಾಲ ಮತ್ತ ಡ್ಯೂಟಿಗೆ ಹೋದ, ಸ್ವಲ್ಪ ದಿನದಾಗ ಮತ್ತ ಸಿಕ್ಕಬಿದ್ದ. ಅದು ಬ್ಯಾಸಗಿ. ನಮ್ಮ ಮನ್ಯಾಗ ಅಂಬಲಿ ಗಡಿಗಿ ಅಟ್ಟ ಹತ್ತಿತ್ತು. ಈ ಸಲ ವರ್ಷಗಟ್ಟಲೆ ಹಾರಂಗಿಲ್ಲ ಅಂದ್ರು. ಡ್ಯೂಟಿಗೆ ಮತ್ತ ಹೋಗಿದ್ದೂ, ಸಿಕ್ಕಬಿದ್ದದ್ದೂ ಅಂವ ಅವ್ವಗ ಹೇಳಲಿಲ್ಲ. ಮೊದಲಿನದ್ದೇ ಇನ್ನೂ ಮುಗದಿಲ್ಲ ಅಂದುಬಿಟ್ಟ. ಅವ್ವ ದಿನಾ ದೀಪ ಹಚ್ಚುವಾಗ, ನನ್ನ ಕೈ ತಪ್ಪಿಗೆ ಅಂವಗ ಶಿಕ್ಷಾ ಕೊಡಬ್ಯಾಡ ಅಂತ ದೇವರಿಗೆ ಕೈಮುಗಿತಿದ್ದಳು.

ಆಮ್ಯಾಲ ಅಂವ ಹೈದರಾಬಾದಿನಾಗ ಒಬ್ಬನೇ ಇದ್ದ. ಆಗೊಮ್ಮಿ ಈಗೊಮ್ಮಿ ಬಂದ್ರೂ ಬಾಜೂ ಕೂತಾಂವ ನನ್ನ ತಮ್ಮ ಅಲ್ಲ ಅನಸ್ತಿತ್ತು. ಎದುರಿಗೇ ಇದ್ದಾಂವನ್ನ ನೆನಸ್ಕೊಂಡು ಸಂಕಟ ಪಡೋದು ಎಂಥಾ ಹಾಳಾದ್ದೋ, ಯಾರಿಗೂ ಬರಬಾರ್ದು. ತೊಗರಿ ಹೊಲದಾಗ ನಿಂತು ಕಪಾಳಕ್ಕ ತಿಂದ ಹುಡುಗ ಎಲ್ಲಿ ಹೋದ ಅಂತ ಕೇಳಬೇಕನಸ್ತಿತ್ತು. ಚಾ ಮಾಡಿ ಕೊಡ್ತಿದ್ದೆ.

ಒಂದಿನ ಕುಡಿಯೋದು ಬಿಡಸೋ ದವಾಖಾನಿಗೆ ತಾನೇ ಹೋಗಿ ಸೇರಿದ. ಬಿಟ್ಟವರ ಜೋಡಿ ವಾರ ವಾರ ಕೂಡಾಕ ಹತ್ತಿದ. ವರ್ಷ ಮುಗದ ಮ್ಯಾಲ ನನಗ ಫೋನ್ ಮಾಡಿ, "ಅಕ್ಕಾ, ಅವ್ವನ ಮುಂದ ನನ್ನ ತಪ್ಪು ಕಬೂಲ್ ಮಾಡ್ಬೇಕಾಗ್ಯದ. ನೀ ಬಾ. ಒಬ್ಬಾಂವಗ ಧೈರ್ಯ ಸಾಲವಲ್ದು" ಅಂದ. ದನಿ ಕೇಳಿದ ಕೂಡ್ಲೇ ನನಗ ಅಳು ಬಂತು. ಹುಮನಾಬಾದ್ ಬಸ್ ಸ್ಟ್ಯಾಂಡಿನಾಗ ಅಂವನ್ನ ಕೂಡಿಕೊಂಡು ಊರಿಗೆ ಹೋದೆ.

ಅವ್ವ ಅಂಗಳದಾಗ ತೊಗರಿ ಹಸನ ಮಾಡಾಕತ್ತಿದ್ದಳು. ಅಂವ ಚಪ್ಪಲಿ ಬಿಟ್ಟು ನೆಲದ ಮ್ಯಾಲೇ ಆಕಿ ಮುಂದ ಕೂತ.

"ಅವ್ವಾ, ಅವತ್ತು ಮಷೀನಿನಾಗ ಬಂದದ್ದು ಶೆರಿ. ರಾತ್ರಿ ಕುಡದಿದ್ದೆ, ಹೊಲಕ್ಕ ಬರೋ ಮೊದ್ಲೂ ಕುಡದಿದ್ದೆ, ಹೈದರಾಬಾದಿಗೆ ಹೋಗಿನೂ ಕುಡದೆ. ಮುಂದ ಬ್ಯಾಸಿಗ್ಯಾಗ ಇನ್ನೊಮ್ಮಿ ಸಿಕ್ಕಬಿದ್ದೆ. ನಿಂದೇನೂ ತಪ್ಪಿಲ್ಲ."

ಅವ್ವ ಕೈಯಾಗಿನ ಮೊರ ಕೆಳಗ ಇಡಲಿಲ್ಲ. ನನ್ನ ಕಡಿ ನೋಡಿದಳು. "ಈಕಿ ಹೇಳಿಕೊಟ್ಟಾಳ ನಿನಗ. ನನ್ನ ಮನಸ್ಸಿಗೆ ಹಗುರ ಆಗಲಂತ ಸುಳ್ಳ ಹೇಳಾಕ ಬಂದಿರಿ ಇಬ್ಬರೂ. ನನ್ನ ಮಗ ಅಂಥಾಂವ ಅಲ್ಲ. ಅದು ಅಂಬಲಿನೇ."

ನನ್ನ ಸಿಟ್ಟು ನೆತ್ತಿಗೇರಿತು. ಬಾಯಿ ತೆಗಿಯೋದ್ರಾಗ ತಮ್ಮ ಕೈ ಅಡ್ಡ ಹಿಡದ.

"ಅವ್ವಾ, ನಾ ನಿನ್ನ ಅಂಬಲಿ ಕುಡದೇ ಇಲ್ಲ. ಕುಡದದ್ದಕ್ಕ ಊಟ ಸೇರತಿರಲಿಲ್ಲ. ಬದುವಿನ ಮ್ಯಾಲ ಚೆಲ್ಲಿ ಖಾಲಿ ತಂಬಗಿ ತಂದು ಇಟ್ಟೆ. ಒಂದ ಗುಟುಕೂ ಕುಡದಿಲ್ಲ."

ಅವ್ವನ ಕೈ ನಿಂತುಬಿಟ್ಟಿತು. ಚೆಲ್ಲಿದ್ದು ಕೇಳಿ ಈಗ ಹೊಡಿತಾಳ, ಇಲ್ಲಾ ಎದಿ ಬಡಕೊಂಡು ಅಳ್ತಾಳ ಅಂತ ನಾ ಹತ್ತಿರ ಸರದೆ. ಆಕಿ ಎರಡೂ ಮಾಡಲಿಲ್ಲ. ಮೊರ ಕೆಳಗ ಇಟ್ಟು, ಸಣ್ಣ ದನಿಲೇ ಕೇಳಿದಳು:

"ಹಂಗಾದ್ರ ಅವತ್ತ ನೀ ಉಪಾಸ ಹೋದೇನಪ್ಪ?"

ಅಂವ ಹೌದು ಅಂತ ಗೋಣು ಹಾಕಿ, ಆಕಿ ಮೊಣಕಾಲ ಮ್ಯಾಲ ಮಾರಿ ಇಟ್ಟ.