ಅಕ್ಕ ತೆಗೆದಿಟ್ಟ ಬಾಟಲಿ

ಲಾಂಡ್ರಿಯಲ್ಲಿ ಅವಳ ಜೊತೆ ಇಸ್ತ್ರಿ ಹಾಕುವವರೆಲ್ಲ ಅವಳನ್ನು ಪೊಲೀಸಕ್ಕ ಎಂದೇ ಕರೆಯುತ್ತಿದ್ದರು. ಸುಮ್ಮನೆ ಬಂದ ಹೆಸರಲ್ಲ ಅದು. ಅವಳ ತಮ್ಮ ಲಿಫ್ಟ್ ರಿಪೇರಿಯ ಕೆಲಸ ಮುಗಿಸಿ ಮನೆಗೆ ಬಂದರೆ ಚೀಲ, ಜೇಬು ಎಲ್ಲ ತಡಕಿಯೇ ಒಳಗೆ ಬಿಡುತ್ತಿದ್ದಳು. ಅಪ್ಪ ಕುಡಿದು ಕುಡಿದೇ ಹೋದವನು. ತಮ್ಮನೂ ಅದೇ ದಾರಿ ಹಿಡಿದಾಗ, ಇವನನ್ನಾದರೂ ಉಳಿಸಿಕೊಳ್ಳಬೇಕೆಂದು ಹಟ ತೊಟ್ಟಿದ್ದಳು.

ಉಪಾಯ ಅವಳದೇ. ಚಟ ಕೆಣಕುವುದು ಸಂಜೆ. ಆ ಹೊತ್ತಿಗೆ ಕೈಗೊಂದು ಬಾಟಲಿ ಸಿಕ್ಕರಾಯಿತು, ಒಳಗೇನಿದ್ದರೇನು? ಒಂದು ಲೀಟರಿನ ಕೂಲ್‌ಡ್ರಿಂಕ್ಸ್ ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದು ದಿನಾ ಸಂಜೆ ಅವನ ಮುಂದಿಡತೊಡಗಿದಳು. ಮೊದಲ ವಾರ ಮುಖ ಸಿಂಡರಿಸಿದ. ಆಮೇಲೆ ಒಗ್ಗಿತು, ಇನ್ನು ಹೆಂಡ ಮುಟ್ಟುವುದಿಲ್ಲ ಎಂದು ಅಕ್ಕನಿಗೆ ಮಾತೂ ಕೊಟ್ಟ. ಒಂಬತ್ತು ವರ್ಷ ಹೆಂಡದ ಒಂದು ತೊಟ್ಟನ್ನೂ ಮುಟ್ಟಲಿಲ್ಲ. ಅವಳ ಜಂಬವೇನು ಕೇಳುತ್ತೀರಿ! ಗಂಡನ ಕುಡಿತಕ್ಕೆ ಬೇಸತ್ತ ಇಬ್ಬರಿಗೆ ಇದೇ ಮದ್ದನ್ನು ಹೇಳಿಕೊಟ್ಟಿದ್ದಳು. ತಮ್ಮನ ಹೊಟ್ಟೆ ಮುಂದೆ ಬಂದಾಗ, ಸದ್ಯ ಮೈಕೈ ತುಂಬಿಕೊಂಡ ಎಂದು ಹಿಗ್ಗಿದ್ದಳು.

ಮೂವತ್ತೇಳನೇ ವಯಸ್ಸಿಗೆ ಅವನು ಕೆಲಸದ ಜಾಗದಲ್ಲೇ ಎದೆ ಹಿಡಿದುಕೊಂಡು ಕುಸಿದ. ಹೇಗೋ ಜೀವ ಉಳಿಯಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಒಂದೊಂದೇ ವಿಚಾರಿಸಿದರು. ಸಿಗರೇಟು? ಇಲ್ಲ. ಕುಡಿತ? ಇಲ್ಲವೇ ಇಲ್ಲ, ಎಂದಳು ತಲೆಯೆತ್ತಿ. ಕೂಲ್‌ಡ್ರಿಂಕ್ಸ್? ದಿನಾ ಒಂದು ಲೋಟ ಎಂದುಬಿಟ್ಟಳು. ಡಾಕ್ಟರಮ್ಮ ಬರೆದುಕೊಂಡರು. ಅವಳು ಬಾಗಿಲವರೆಗೆ ಹೋದಳು, ಕಾಲು ಮುಂದೆ ಬರಲಿಲ್ಲ. ತಮ್ಮನ ಜೀವದ ವಿಷಯದಲ್ಲೂ ಮಾನ ಉಳಿಸಿಕೊಳ್ಳಲು ಹೊರಟೆನಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು.

ತಿರುಗಿ ಬಂದು, "ಲೋಟ ಅಲ್ಲ ಮೇಡಂ, ಒಂದು ಲೀಟರ್. ನಾನೇ ಕೊಡ್ತಿದ್ದೆ," ಎಂದಳು.

ಡಾಕ್ಟರಮ್ಮ ಬೈಯಲಿಲ್ಲ. ಅದೊಂದೇ ಕಾರಣ ಎನ್ನಲಾಗದು, ಆದರೆ ದಿನಾ ಅಷ್ಟು ಸಕ್ಕರೆ ಒಳಗೆ ಹೋದರೆ ಚಿಕ್ಕ ವಯಸ್ಸಿಗೇ ಹೃದಯಕ್ಕೆ ಅಪಾಯ ಹೆಚ್ಚು, ಇನ್ನು ಮುಂದೆ ಬೇಡ ಎಂದರು. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಒಂಬತ್ತು ವರ್ಷ ತನ್ನ ಕೈಯಾರೆ ಕೊಟ್ಟದ್ದಲ್ಲವೇ?

ಮಂಚದ ಪಕ್ಕ ಕೂತು ಅವಳು ತಮ್ಮನ ಕೈ ಹಿಡಿದುಕೊಂಡಳು. "ತಪ್ಪಾಯ್ತು ಕಣೋ. ನಿನ್ನ ಉಳಿಸ್ಕೋತೀನಿ ಅಂತ ಹೋಗಿ ನಾನೇ ಹಿಂಗೆ ಮಾಡ್ಬಿಟ್ಟೆ."

ಅವನು ಅಕ್ಕನ ಕಡೆ ತಿರುಗಿದ. "ನಂಗಾ ಕೂಲ್‌ಡ್ರಿಂಕ್ಸ್ ಬೇಡವಾಗಿ ಮೂರು ವರ್ಷ ಆಯ್ತಕ್ಕ. ಬಾಯಿಗಿಟ್ರೆ ವಾಕರಿಕೆ ಬರೋದು."

"ಮತ್ತೆ ಬೇಡ ಅನ್ನೋಕೇನಾಗಿತ್ತು ನಿಂಗೆ?"

"ಒಂದ್ಸಲ ಅಂದಿದ್ದೆ. ಹೊರಗೆಲ್ಲೋ ಕುಡ್ದು ಬಂದಿದೀನಿ ಅಂದ್ಕೊಂಡು ನೀನು ಊಟ ಬಿಟ್ಟು ಅಳ್ತಾ ಕೂತೆ. ಅವತ್ತಿಂದ ದಿನಾ ಪೂರ್ತಿ ಕುಡಿದು ತೋರಿಸ್ತಿದ್ದೆ."

ಒಂಬತ್ತು ವರ್ಷ ಅವನು ಕೊಟ್ಟ ಮಾತಿಗೆ ತಪ್ಪಿರಲಿಲ್ಲ. ಅವಳು ಒಂದು ದಿನವೂ ಅವನನ್ನು ನಂಬಿರಲಿಲ್ಲ.