ಒಂದು ಸೈಜು ದೊಡ್ಡ ಬಳೆ

ಹೋದ ವಾರ ನನ್ನ ಮಗಳು ಹಿಟ್ಟು ನಾದುತ್ತಿದ್ದಾಗ ಎರಡು ಬಳೆ ಕೈಯಿಂದ ಜಾರಿ ಪರಾತಕ್ಕೆ ಬಿದ್ದವು. ಹೊಸ ಹಸಿರು ಬಳೆ, ಹಿಂದಿನ ದಿನವಷ್ಟೇ ತೊಡಿಸಿದ್ದು. ಅವಳಿಗೆ ನಗು, ನನ್ನ ಹೆಂಡತಿಗೆ ಸಿಟ್ಟು. (ನನಗೆ? ಪೇಪರ್ ಓದುವವನಿಗೆ ಮನೆಯಲ್ಲಿ ಏನೂ ಕಾಣುವುದಿಲ್ಲ ಎಂಬುದು ಹಳೆಯ ಆರೋಪ.)

ಮಗಳನ್ನು ನಿಡಗುಂದಿಗೆ ಕೊಟ್ಟಿದ್ದೇವೆ. ಅಳಿಯ ಡ್ಯಾಮಿನ ಕೆಲಸದಲ್ಲಿದ್ದಾನೆ. ಅವಳಿಗೀಗ ಏಳು ತಿಂಗಳು, ಸೀಮಂತದ ಕುಬಸಕ್ಕೆಂದು ಬಂದಿದ್ದಾಳೆ. ಕುಬಸ ಎಂದರೆ ಹಸಿರು ಬಳೆ, ಹಸಿರು ಬಳೆ ಎಂದರೆ ನಮ್ಮೂರಲ್ಲಿ ಮೌಲಾಸಾಬರು. ನನ್ನ ತಾಯಿಗೆ ಅವರಪ್ಪ ತೊಡಿಸಿದ್ದ, ಹೆಂಡತಿಗೂ ಮಗಳಿಗೂ ಇವರು. ಬಳೆಗಾರ ಪರಗಂಡಸಲ್ಲ, ತವರಿನವನು. ಮಾವನ ಕೆಮ್ಮು ಕೇಳಿದರೆ ಒಳಗೆ ಸರಿಯುವ ಹೆಂಗಸರೂ ಇವರ ಮುಂದೆ ಕೂತು ಕೈ ಚಾಚುತ್ತಾರೆ. ಇವರು ಗೆಣ್ಣು ಒತ್ತಿ, ಕೈ ಹೊರಳಿಸಿ ಬಳೆ ಏರಿಸುತ್ತಾರೆ. ಒಮ್ಮೆ ಏರಿದ ಬಳೆ ತಾನಾಗಿ ಇಳಿಯಬಾರದು. ಅದು ಅವರ ಕಸುಬಿನ ಮರ್ಯಾದೆ.

ದೂರದಿಂದ ಮುಂಗೈ ನೋಡಿಯೇ ಅಳತೆ ಹೇಳುವ ಮನುಷ್ಯ ತಪ್ಪು ಸೈಜು ಹಾಕುತ್ತಾರೆಯೇ?

ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮೂರು ಸಿಂದಗಿ ಹಾದಿಯಲ್ಲಿದೆ. (ಹೆಸರು ಬೇಡ, ಅದು ಈಗಾಗಲೇ ಸಾಕಷ್ಟು ಕೆಟ್ಟಿದೆ.) ಬೇಸಿಗೆಯಲ್ಲಿ ಬಾವಿಯ ಪಾಳಿಗಾಗಿ ಇಬ್ಬರ ನಡುವೆ ಎದ್ದ ಜಗಳ ಸಂಜೆಯೊಳಗೆ ಹಿಂದೂ-ಮುಸ್ಲಿಂ ಗಲಾಟೆಯಾಯಿತು. ಎದುರುಮನೆಯ ಶಿವಪ್ಪನ ಬಲಗಣ್ಣು ಕಲ್ಲೇಟಿಗೆ ಹೋಯಿತು. ಮೌಲಾಸಾಬರ ಅಂಗಡಿಗೆ ಬೆಂಕಿ ಬಿತ್ತು. ಬಳೆಯ ಗಾಜು ಕರಗಿ ನೆಲಕ್ಕೆ ಹಿಡಿದಿತ್ತು. ಕಲ್ಲು ಎಸೆದವರು, ಬೆಂಕಿ ಹಚ್ಚಿದವರು ಯಾರೆಂದು ಊರಿಗೆಲ್ಲ ಗೊತ್ತು, ಪಂಚನಾಮೆಗೆ ಮಾತ್ರ ಗೊತ್ತಿಲ್ಲ.

ಆಮೇಲೆ ಶಾಂತಿ ಕಮಿಟಿ. ಸಾಲಿ ಮಾಸ್ತರ ಎಂಬ ಒಂದೇ ಕಾರಣಕ್ಕೆ ನಾನು ಸೆಕ್ರೆಟರಿ. ಮೂರು ಮೀಟಿಂಗ್, ಕಂಡಾಪಟ್ಟೆ ಭಾಷಣ, ಅದಕ್ಕಿಂತ ಹೆಚ್ಚು ಚಹಾ. ಕೊನೆಗೆ ಶಿವಪ್ಪ, ಮೌಲಾಸಾಬ ಕೈ ಕುಲುಕಿದರು. ಫೋಟೊದವನು ಇನ್ನೊಮ್ಮೆ ಅಂದ, ಇನ್ನೊಮ್ಮೆ ಕುಲುಕಿದರು. ಊರಿನಲ್ಲಿ ಪೂರ್ಣ ಸೌಹಾರ್ದ ನೆಲೆಸಿದೆ ಎಂದು ದುಂಡಗೆ ರಿಪೋರ್ಟ್ ಬರೆದು ಕಳಿಸಿ ನಾನು ನಿದ್ದೆ ಹೋದೆ. ಅಷ್ಟು ದಣಿದಿದ್ದೆ.

ಬಳೆ ಜಾರಿದ ದಿನ ಹೆಂಡತಿ ಮೌಲಾಸಾಬರನ್ನು ಮತ್ತೆ ಕರೆಸಿದಳು.

"ಏನಣ್ಣಾ, ಕಣ್ಣು ಮಂಜ ಆದುವೇನು? ಇವು ನನ್ನ ಕೈಗೂ ದೊಡ್ಡವು ಆಗತಾವು."

"ಬಸುರಿ ಕೈ ಐತಿ ತಂಗೆವ್ವಾ, ಬಾವು ಬರತೈತಿ. ಸಡ್ಲ ಇರಲಿ ಅಂತ ಹಾಕೀನಿ."

"ನನ್ನ ಕುಬಸಕ್ಕೂ ನೀವ ತೊಡಿಸಿದ್ರಿ. ಆವಾಗ ಸಡ್ಲ ಇದ್ದಿದ್ದಿಲ್ಲಲ್ಲ?"

ಅವರು ತಲೆ ತಗ್ಗಿಸಿ ಬಳೆಯ ಗಂಟು ಬಿಚ್ಚುತ್ತಾ ಕೂತರು. ಆಮೇಲೆ ಮೆಲ್ಲಗೆ ಹೇಳಿದರು: "ಖರೇ ಹೇಳ್ಲ್ಯಾ? ಬಿಗಿ ಬಳಿ ಒಮ್ಮೊಮ್ಮೆ ಒಡೀತಾವು. ಮದ್ಲ ಒಡದ್ರ ದೃಷ್ಟಿ ಹೋತು ಬಿಡು ಅಂತಿದ್ರಿ. ಈಗ ಬಸುರಿ ಕೈಯಾಗ ನನ್ನಿಂದ ರಗತ ಬಂತಂದ್ರ ಮಂದಿ ಏನಂತಾರವ್ವಾ?"

ಹೆಂಡತಿ ನನ್ನ ಕಡೆ ನೋಡಿದಳು. ಸೆಕ್ರೆಟರಿ ಪೇಪರ್ ಮಡಚಿ, ಮತ್ತೆ ಬಿಚ್ಚಿದ. ಮಗಳೇ ಮುಂದೆ ಸರಿದು ಕೈ ಚಾಚಿದಳು.

"ಒಡದ್ರ ಒಡೀಲಿ ಕಾಕಾ. ನನ್ನ ಅಳತೀವು ಹಾಕ್ರಿ."

ಮೌಲಾಸಾಬರು ಕೈ ಹಿಡಿದರು. ಐದು ಬಳೆ ಸರಾಗ ಏರಿದವು. ಆರನೆಯದು ಟಪ್ ಅಂತು. ಮುಂಗೈ ಗೀರಿ ಒಂದು ಹನಿ ರಕ್ತ ಬಂತು.

ದೃಷ್ಟಿ ಹೋತು ಅನ್ನಬೇಕಾದವರು ಯಾರೂ ಅನ್ನಲಿಲ್ಲ. ನನ್ನ ಕಣ್ಣು ಬಾಗಿಲಿಗೆ ಹೋಯಿತು. ಎದುರು ಕಟ್ಟೆಯ ಮೇಲೆ ಶಿವಪ್ಪ ಇತ್ತ ಮುಖ ಮಾಡಿ ಕೂತಿದ್ದ. ಅವನಿಗೆ ಈ ರಕ್ತ ಕಾಣಬಾರದು, ಮೌಲಾಸಾಬರಿಗೆ ಮತ್ತೆ ಏನೂ ಆಗಬಾರದು. ನನ್ನ ತಲೆಯಲ್ಲಿದ್ದದ್ದು ಅಷ್ಟೇ. ಎದ್ದು ಹೋಗಿ ಬಾಗಿಲು ಹಾಕಿ ಚಿಲಕ ಜಡಿದೆ.

ತಿರುಗಿ ನೋಡಿದರೆ ಮೌಲಾಸಾಬರು ಮಗಳ ಕೈ ಬಿಟ್ಟು ಎದ್ದು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಬಾಗಿಲಾ ಯಾಕ ಹಾಕಿದ್ರಿ, ಮಾಸ್ತರ?"

"ನಿಮ್ಮ ಸಲುವಾಗೇ, ಮೌಲಾಸಾಬ. ಹೊರಗಿನವರು ನೋಡಬಾರದು ಅಂತ..."

"ಹೌದ್ರಿ," ಅಂದರು. ಕಣ್ಣು ಚಿಲಕದ ಮೇಲೇ ಇತ್ತು. ನಾನು ತೆಗೆದೆ. ಗಂಟು ಹೆಗಲಿಗೇರಿಸಿ ಹೊರಟೇಬಿಟ್ಟರು. ನಲವತ್ತು ವರ್ಷ ನಮ್ಮ ಮನೆಗೆ ಬಂದು ಹೋದ ಮನುಷ್ಯ ನನ್ನ ಮನೆಯಲ್ಲೇ ನನಗೆ ಹೆದರಿದ. ನನಗೆ ಬಹಳ ನಾಚಿಕೆಯಾಯಿತು. ಯಾರಿಗೆ ಬೇಕಿತ್ತು ನನ್ನ ಶಾಣ್ಯಾತನ?

ಮರುದಿನ ಮುಂಜಾನೆ ಶಾಲೆಗೆ ಹೊರಟಾಗ ಕಟ್ಟೆಯ ಮೇಲಿನಿಂದ ಶಿವಪ್ಪ ಕರೆದ. ಉಳಿದ ಒಂದು ಕಣ್ಣಿಂದ ನನ್ನನ್ನು ನೋಡಿ ಕೇಳಿದ.

"ಮಗಳಿಗೆ ಬಳಿ ತೊಡಸೂದು ನೋಡೂಣಂತ ಕುಂತಿದ್ದೆ, ಮಾಸ್ತರ. ನನ್ನ ನೋಡಿ ಬಾಗಿಲಾ ಹಾಕಿದ್ರಿ. ನಾ ಏನ ಮಾಡೀನ್ರಿ?"

ಹೆದರಿದವನು ನಾನು ಎಂದು ಈಗ ಯಾರಿಗೆ ಮೊದಲು ಹೇಳಲಿ?