ಕರವಸ್ತ್ರ ಹಾಕಿ ಹಿಡಿದ ಸೀಟು

ಮೊದಲ ದಿನ ನಾನು ನೆಲದೊಳಗೆ ಇಳಿಯುವಾಗ ಮೇಲೆ ರಸ್ತೆಬದಿಯಲ್ಲಿ ಒಬ್ಬಾಕೆ ಮೆಂತ್ಯದ ಕಟ್ಟುಗಳಿಗೆ ನೀರು ಚಿಮುಕಿಸುತ್ತಿದ್ದಳು. ಅವಳ ಬುಟ್ಟಿಯಿಂದ ಹನ್ನೊಂದು ಹೆಜ್ಜೆಗೆ ಒಂದು ಗಾಜಿನ ಮಾಡು. ಅದರ ಕೆಳಗೆ ತಾನಾಗಿಯೇ ಇಳಿಯುವ ಮೆಟ್ಟಿಲು. ಒಂದು ಸಾಲು ಮುಗಿಯಿತು, ಇನ್ನೊಂದು ಬಂತು. ಅದೂ ಮುಗಿಯಿತು, ಮತ್ತೊಂದು! ಬಿಸಿಲು, ಹಾರ್ನು, ಒಣಮೀನಿನ ವಾಸನೆ ಒಂದೊಂದಾಗಿ ಮೇಲೆಯೇ ಉಳಿದವು. ಕೆಳಗೆ ಹೊಳೆಯುವ ನೆಲ ಮತ್ತು ತಣ್ಣನೆಯ ಗಾಳಿ. ವಠಾರದಂಥ ಹಳೆಯ ಚಾಳುಗಳು, ಹಗ್ಗದ ಮೇಲಿನ ಸೀರೆಗಳು, ಕೇರಂ ಆಡುವ ಮುದುಕರು, ನಾನು ಬಾಡಿಗೆಗೆ ಹಿಡಿದ ಮಂಚ, ಎಲ್ಲವೂ ಈಗ ನನ್ನ ನೆತ್ತಿಯ ಮೇಲಿದ್ದವು. ನಿಂತು ಒಮ್ಮೆ ಮೇಲೆ ನೋಡಿದೆ. ಹಿಂದಿನಿಂದ ಯಾರೋ "ಚಲಾ, ಚಲಾ" ಎಂದು ತಳ್ಳಿದರು.

ಅಂದಿನ ಡೈರಿ: "ನವೆಂಬರ್ ೩, ಸೋಮವಾರ. ಮುಂಬಯಿ. ಕಟ್ಟಡಗಳ ನಕ್ಷೆ ಬಿಡಿಸುವ ಕೆಲಸಕ್ಕೆ ಹಾಜರು. ಮೆಟ್ರೋ: ೨ ಸಲ. ದಾರಿ ತಪ್ಪಿದ್ದು: ೩ ಸಲ."

ನಮ್ಮ ನಾಶಿಕದಲ್ಲಿ ಕುಳಿತು ಇದನ್ನು ಓದುವ ಕನ್ನಡಿಗರಾದ ನಿಮಗೆ ನೆಲದೊಳಗಿನ ಊರು ಎಂದರೆ ಭಯವಾಗಬಹುದು. ನನಗೆ ಆಗಲಿಲ್ಲ. ಬಾಲ್ಯದ ಆರು ವರ್ಷ ನಾವು ಸಂಭಾಜಿನಗರದಲ್ಲಿದ್ದೆವು. ನೆಂಟರು ಬಂದಾಗಲೆಲ್ಲ ಅವರನ್ನು ವೇರೂಳದ ಗುಹೆಗಳಿಗೆ ಕರೆದೊಯ್ಯುವುದು ನಮ್ಮ ಮನೆಯ ಪದ್ಧತಿ. ಏಪ್ರಿಲ್ ಬಿಸಿಲಿನಲ್ಲಿ ಕಲ್ಲಿನೊಳಗೆ ಕಾಲಿಟ್ಟರೆ ಬೆನ್ನಿಗೆ ತಾಗುವ ಆ ತಂಪೇ ಇಲ್ಲಿಯೂ ಇದೆ. ಅಲ್ಲಿ ಕಲ್ಲು ಕೊರೆದು ದೇವರನ್ನು ಕೂರಿಸಿದರು, ಇಲ್ಲಿ ಕೊರೆದು ರೈಲು ಓಡಿಸಿದ್ದಾರೆ. ಎರಡೂ ಕಡೆ ಜನ ಬಾಯಿ ತೆರೆದೇ ನೋಡುತ್ತಾರೆ.

ಕಷ್ಟವಿದ್ದದ್ದು ಮೇಲೆ. ಮನೆಯೊಡತಿ ಮಾವ್ಶಿ (ಮರಾಠಿಯಲ್ಲಿ ಚಿಕ್ಕಮ್ಮನಿಗೆ ಹೀಗೆನ್ನುತ್ತಾರೆ) ಒಳ್ಳೆಯವರೇ. ಆದರೆ ಬುಧವಾರ ಮತ್ತು ಭಾನುವಾರ ಅವರ ಅಡುಗೆಮನೆಯಲ್ಲಿ ಮೀನು ಬೇಯುತ್ತದೆ. ಬೀದರ್ ಕಡೆಯ ಲಿಂಗವಂತರ ಮನೆಯ ನಾನು ಆ ಎರಡು ದಿನ ಕಾರಿಡಾರಿನಲ್ಲಿ ಕುಳಿತು ಶೇಂಗಾ ಚಟ್ನಿ, ಪಾವ್ ಬ್ರೆಡ್ಡು ತಿನ್ನುತ್ತೇನೆ. ನಾಶಿಕದಲ್ಲಿ ನಲ್ಲಿ ತಿರುಗಿಸಿದರೆ ನೀರು, ಇಲ್ಲಿ ಬೆಳಿಗ್ಗೆ ಒಂದು ಗಂಟೆ ಮಾತ್ರ. ಇಲ್ಲಿನ ಮರಾಠಿ ನಮ್ಮದಕ್ಕಿಂತ ಎರಡು ಪಟ್ಟು ವೇಗ. ಡಿಸೆಂಬರ್ ಕೊನೆಗೆ ಲೆಕ್ಕ ತೆಗೆದೆ. ಫೋನು ಬಿಟ್ಟರೆ, ಕನ್ನಡದ ಒಂದು ಮಾತೂ ಆಡದ ದಿನಗಳು ನಲವತ್ತಾರು.

ಆ ಲೆಕ್ಕವನ್ನು ಅವ್ವನಿಗೆ ಹೇಳಿದ್ದು ನನ್ನ ತಪ್ಪು. ನನ್ನನ್ನು ಮರಳಿ ಕರೆಸಿರೆಂದು ಅವ್ವ ಅಪ್ಪನ ಬೆನ್ನು ಬಿದ್ದಳು. ನಾಶಿಕದ ಪಕ್ಕದ ಓಝರಿನ ಒಂದು ಕಾರ್ಖಾನೆಯಲ್ಲಿ ನಕ್ಷೆಯ ಕೆಲಸ ಖಾಲಿ ಇದೆಯೆಂದು ಅಪ್ಪನ ಬ್ಯಾಂಕಿನ ಗೆಳೆಯರು ಹೇಳಿದ್ದರು. ಅಪ್ಪ ಫೋನಿನಲ್ಲಿ ತೀರ್ಪು ಕೊಟ್ಟರು: "ನಿಮ್ಮ ಅವ್ವ ಎರಡು ದಿನ ಅಲ್ಲಿ ಬಂದು ನೋಡ್ತಾಳ. ಹೂಂ ಅಂದ್ರ ಇರು. ಉಹುಂ ಅಂದ್ರ ಸಾಮಾನು ಕಟ್ಟು."

ನನಗೆ ಈ ಊರು ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂಬುದು ಅಂದು ಗೊತ್ತಾಯಿತು.

ಜನವರಿ ೧೧, ಭಾನುವಾರ. ಅವ್ವ ಶೇಂಗಾ ಹೋಳಿಗೆಯ ಡಬ್ಬಿಯೊಡನೆ ಬಂದಿಳಿದಳು. ಮಂಚ ನೋಡಿದಳು, ಹಾಸಿಗೆ ಒತ್ತಿದಳು. ನೀರಿನ ಪೀಪಾಯಿ ನೋಡಿದಳು, ಮುಚ್ಚಳ ಎತ್ತಿ ಇಣುಕಿದಳು. ಮೀನಿನ ವಾಸನೆಗೆ ಮಾತ್ರ ಬಾಯಿ ಬಿಟ್ಟಳು: "ಇದರಾಗ ಹ್ಯಾಂಗ ನಿದ್ದಿ ಬರ್ತದವ್ವಾ ನಿನಗ?" ಅಂಕ ಕಳೆಯುತ್ತಿರುವುದು ನನಗೆ ಕಾಣುತ್ತಿತ್ತು. ಉಳಿದ ಅಸ್ತ್ರ ಒಂದೇ. ಸಂಜೆ ಅವಳನ್ನು ಮೆಟ್ರೋಗೆ ಕರೆದುಕೊಂಡು ಹೊರಟೆ.

ಮೆಟ್ಟಿಲು ಇಳಿಯುವಾಗ ಅವ್ವ ಹೋಳಿಗೆಯ ಡಬ್ಬಿಯನ್ನೂ ಬಿಡಲಿಲ್ಲ, ನನ್ನ ಕೈಯನ್ನೂ ಬಿಡಲಿಲ್ಲ. ಚೀಲ ತಪಾಸಣೆಯ ಯಂತ್ರದ ಹತ್ತಿರ ಅವಳ ಫೋನು ತೆಗೆದು ನನ್ನ ಪರ್ಸಿಗೆ ಹಾಕಿಕೊಂಡೆ. ಇಬ್ಬರ ಟಿಕೆಟ್ಟೂ ನನ್ನ ಫೋನಿನಲ್ಲೇ ಇತ್ತು. ಪ್ಲಾಟ್‌ಫಾರ್ಮ್ ತುಂಬಿತ್ತು. ಅವ್ವನಿಗೆ ಮೊಣಕಾಲು ನೋವು, ನಿಲ್ಲಲಾಗದು. ಆಗ ನನ್ನೊಳಗಿನ ಎಂಟು ವರ್ಷದ ಹುಡುಗಿ ಎದ್ದಳು.

ಅಪ್ಪನಿಗೆ ನಾಶಿಕಕ್ಕೆ ವರ್ಗವಾದ ಮೇಲೆ ಎರಡು ವರ್ಷ ನಾವು ಸಂಭಾಜಿನಗರದಿಂದ ಶನಿವಾರಕ್ಕೊಮ್ಮೆ ಕೆಂಪು ಎಸ್.ಟಿ. ಬಸ್ಸಿನಲ್ಲಿ ಅವರ ಬಳಿ ಹೋಗುತ್ತಿದ್ದೆವು. ಬಸ್ಸು ನಿಲ್ಲುವ ಮೊದಲೇ ಅವ್ವ ನನ್ನನ್ನು ಎತ್ತಿ ಹಿಡಿಯುವಳು, ನಾನು ಕಿಟಕಿಯಿಂದ ಒಳಗಿನ ಸೀಟಿಗೆ ಕರವಸ್ತ್ರ ಎಸೆಯುವೆ. ಕರವಸ್ತ್ರ ಬಿದ್ದ ಸೀಟಿನಲ್ಲಿ ಇನ್ನೊಬ್ಬರು ಕೂರುವುದಿಲ್ಲ. ಬರೆದಿಡದ ಕಾನೂನು ಅದು. ಆಮೇಲೆ ಆರಾಮವಾಗಿ ಸಾಮಾನು ಎತ್ತಿಕೊಂಡು ಹತ್ತಬಹುದು.

ರೈಲು ಬಂತು. ಬಾಗಿಲು ತೆರೆದದ್ದೇ ನುಗ್ಗಿದೆ. ಮೂಲೆಯ ಸೀಟಿಗೆ ನೀಲಿ ಅಂಚಿನ ಕರವಸ್ತ್ರ ಹಾಸಿದೆ. ಅಭ್ಯಾಸಬಲ ನೋಡಿ, ಅವ್ವನನ್ನು ಕರೆತರಲು ಮತ್ತೆ ಕೆಳಗಿಳಿದೆ! ಅಷ್ಟರಲ್ಲಿ ಗಾಜಿನಾಚೆ ರೈಲಿನೊಳಗೆ ನನ್ನನ್ನು ಕಂಡಿದ್ದ ಅವ್ವ ಪಕ್ಕದ ಬಾಗಿಲಿನಿಂದ ಹತ್ತಿದ್ದಳು. ಬಾಗಿಲು ಮುಚ್ಚಿತು. ಒಳಗೆ ಅವ್ವ, ಹೋಳಿಗೆ, ಕರವಸ್ತ್ರ. ಹೊರಗೆ ನಾನು, ಎರಡು ಫೋನು, ಎರಡು ಟಿಕೆಟ್ಟು.

ಎಸ್.ಟಿ. ಬಸ್ಸು ಕಾಯುತ್ತದೆ. ಮೆಟ್ರೋ ಕಾಯುವುದಿಲ್ಲ.

ಓಡಿಹೋಗಿ ಸಮವಸ್ತ್ರದ ಹೆಂಗಸೊಬ್ಬಳಿಗೆ ಹೇಳಿದೆ. "ಘಾಬರೂ ನಕೋ," ಹೆದರಬೇಡ ಎಂದು ಆಕೆ ಕೂಡಲೇ ಮುಂದಿನ ನಿಲ್ದಾಣಕ್ಕೆ ತಿಳಿಸಿದಳು. ಉತ್ತರ ಬಂತು. ಹಸಿರು ಇಳಕಲ್ ಸೀರೆಯವರು ಯಾರೂ ಅಲ್ಲಿ ಇಳಿದಿಲ್ಲ. ನಮ್ಮ ಮನೆಯಲ್ಲಿ ಅಪ್ಪನದೊಂದು ನಿಯಮವಿದೆ, ಮನಮಾಡ್ ಜಂಕ್ಷನ್ನಿನಲ್ಲಿ ಕಲಿಸಿದ್ದು: ತಪ್ಪಿಸಿಕೊಂಡವರು ಇದ್ದಲ್ಲೇ ಇರಬೇಕು. ಆದರೆ ತಪ್ಪಿಸಿಕೊಂಡವರು ಯಾರು? ನಾನೋ, ಅವಳೋ? ಕಂಬಕ್ಕೆ ಒರಗಿ ನಿಂತೆ. ಹಿಂದಿರುಗಿ ಬರುವ ಒಂದೊಂದು ರೈಲಿಗೂ ಅಂಗೈ ಮೇಲೆ ಪೆನ್ನಿನಿಂದ ಗೆರೆ ಎಳೆದೆ. ನಾಲ್ಕು, ಐದು. ಓಝರಿನ ಕೆಲಸ ಇನ್ನು ಖಚಿತ ಅನ್ನಿಸಿತು. ಆರನೆಯ ಗೆರೆಗೆ ಅದೂ ಮರೆತುಹೋಯಿತು, ಅವ್ವ ಸಿಕ್ಕರೆ ಸಾಕಾಗಿತ್ತು.

ನಲವತ್ತೊಂದು ನಿಮಿಷ. ಏಳನೆಯ ರೈಲು. ಎದುರು ಬದಿಯ ಬಾಗಿಲು ತೆರೆಯಿತು. ಮೊದಲು ಡಬ್ಬಿ ಕಂಡಿತು, ಆಮೇಲೆ ಹಸಿರು ಸೀರೆ. ಅವ್ವನ ಹಿಂದೆ ಒಳಗಿನಿಂದ ಮೂವರು ಹೆಂಗಸರು ಕೈ ಬೀಸುತ್ತಿದ್ದರು.

"ಅವ್ವಾ! ಮುಂದಿನ ಸ್ಟೇಶನ್‌ದಾಗ ಯಾಕ ಇಳೀಲಿಲ್ಲ?"

"ಇದ್ದಲ್ಲೇ ಇರಬೇಕಂತ ನಿಮ್ಮಪ್ಪ ಹೇಳಿಲ್ಲೇನು? ಕುಂತಲ್ಲೇ ಕುಂತೆ. ರೈಲು ಓಡ್ತು, ಅದಕ್ಕ ನಾ ಏನ್ ಮಾಡ್ಲಿ?"

"ಆಮ್ಯಾಲ?"

"ಕಡೀ ಸ್ಟೇಶನ್‌ದಾಗ ಎಲ್ಲರೂ ಇಳದ್ರು. ನಾ ಏಳಲಿಲ್ಲ, ಮಗಳು ಹಿಡದ ಸೀಟು ಅದ ಅಂದೆ. ಒಬ್ಬಾಕಿ ನಕ್ಕು, ಆಯೀ ಇಳೀರಿ ಅಂತ ಕೈ ಹಿಡದು ಈ ರೈಲಿಗಿ ತಂದು ಕುಂದರಿಸಿದ್ಳು. ಮನೀ ಎಲ್ಲಿ, ಮಗಳು ಎಲ್ಲಿ ಅಂತ ನಾಕು ಮಂದಿ ಕೇಳಿದ್ರು. ನಮ್ಮ ಸ್ಟೇಶನ್ ಹೆಸರು ನನಗ ಎಲ್ಲಿ ನೆನಪದ? ಗಾಜಿನ ಮಾಡಿನ ಬಾಜೂಕ ಮೆಂತ್ಯಾ ಮಾರೋಳು ಕೂಡ್ತಾಳ ಅಂದೆ. ಒಬ್ಬಾಕಿ ಅಲ್ಲೇ ದಿನಾ ಮೆಂತ್ಯಾ ಒಯ್ತಾಳಂತ, ಗುರ್ತು ಹಿಡದ್ಳು! ಅವರಿಗೆಲ್ಲಾ ಹೋಳಿಗಿ ಕೊಟ್ಟೆ. ಇಲ್ಲಿ ತಿನ್ನಬಾರದಂತ, ಚೀಲದಾಗ ಇಟ್ಕೊಂಡ್ರು."

ಡಬ್ಬಿ ತೆರೆದು ಎಣಿಸಿದೆ. ಐದು ಕಡಿಮೆ. ನನಗೆ ಅಳು ಬಂತು. ಅವ್ವ ಮಾತ್ರ ಸೆರಗು ಸರಿಪಡಿಸಿಕೊಂಡು ಆಚೆ ರೈಲಿನತ್ತ ನೋಡುತ್ತಿದ್ದಳು.

"ಅಳಬ್ಯಾಡ. ಇನ್ನೊಮ್ಮಿ ಹೋಗೋಣು ನಡಿ. ಈ ಸಲ ನೀನೂ ಬಾ."

ಹೋದೆವು. ನಿಂತುಕೊಂಡೇ ಹೋದೆವು, ಮೊಣಕಾಲಿನ ಮಾತು ಅವಳು ಎತ್ತಲಿಲ್ಲ. ಅಂದು ರಾತ್ರಿಯ ಊಟಕ್ಕೆ ಮೊದಲು ಅಪ್ಪನಿಗೆ ಫೋನು ಹೋಯಿತು: "ಇರ್ಲಿ ಬಿಡ್ರಿ ಆಕಿ ಇಲ್ಲೇ. ನೀರಿಂದು ತ್ರಾಸ ಅದ, ವಾಸನಿ ಅಂತೂ ಕೇಳಬ್ಯಾಡ್ರಿ. ಖರೇ ಅಂದ್ರ, ತಪ್ಪಿಸಿಕೊಂಡ್ರ ಕೇಳೋ ಮಂದಿ ಅದಾರ."

ಮಂಗಳವಾರ ಅವಳನ್ನು ನಾಶಿಕದ ಬಸ್ಸಿಗೆ ಹತ್ತಿಸಿದೆ. ಸಂಕ್ರಾಂತಿಯ ಬೆಳಿಗ್ಗೆ ತಂಗಿಯ ಸಂದೇಶ ಬಂತು. ನಾಶಿಕದಲ್ಲೇ ಬೆಳೆದ ಅವಳಿಗೆ ಕನ್ನಡ ತಿಳಿಯುತ್ತದೆ, ಬರೆಯುವುದು ಮಾತ್ರ ಮರಾಠಿಯಲ್ಲಿ. ಕಿಟಕಿ ಪಕ್ಕದ ನಿನ್ನ ಮಂಚ ಇನ್ನು ನನ್ನದು ಅಂದುಕೊಂಡಿದ್ದೆ ಅಕ್ಕಾ, ಅವ್ವ ಮಲಗಲು ಬಿಡುತ್ತಿಲ್ಲ, ನೀನೇ ಹೇಳು ಎಂಬ ದೂರು. ಜೊತೆಗೊಂದು ಫೋಟೋ. ಪರ್ಸು ತಡಕಾಡಿದೆ. ನನ್ನ ಕರವಸ್ತ್ರ ಅಲ್ಲಿ ಇರಲಿಲ್ಲ. ಫೋಟೋದಲ್ಲಿ, ನನ್ನ ಮಂಚದ ನಟ್ಟನಡುವೆ, ನಾಲ್ಕು ಮೂಲೆ ಎಳೆದು ಹಾಸಿದ ನೀಲಿ ಅಂಚಿನ ಕರವಸ್ತ್ರ.

ಡೈರಿ ತೆಗೆದು ಬರೆದೆ: "ಜನವರಿ ೧೪, ಬುಧವಾರ. ಹಿಡಿದಿಟ್ಟ ಜಾಗ: ಮುಂಬಯಿ ೧, ನಾಶಿಕ ೧." ಒಟ್ಟು ಎಷ್ಟೆಂದು ಬರೆಯಲು ಕೈ ಏಳಲಿಲ್ಲ. ಕೆಲಸಕ್ಕೆ ಹೊತ್ತಾಗಿತ್ತು. ಮೆಂತ್ಯದವಳಿಗೆ ಎಳ್ಳು-ಬೆಲ್ಲ ಕೊಟ್ಟು ಕೆಳಗಿಳಿದೆ.